ಅಸೋಸಿಯೇಷನ್ ಮೀಟಿಂಗಿನಲ್ಲಿ ನನ್ನ ಎಡಗಾಲು

ಹೋದ ವಾರ ನನ್ನ ಎಡಗಾಲು ಪ್ರಸಿದ್ಧಿಗೆ ಬಂತು. ನಾನಲ್ಲ, ಕಾಲು ಮಾತ್ರ.

ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಒಂದು ಫೋಟೊ ಬಂದು ಬಿದ್ದಿತ್ತು. ಬಚ್ಚಲುಮನೆಯ ನೀಲಿ ಟೈಲ್ಸಿನ ಮೇಲೆ ಊರಿದ ಒಂದು ಪಾದ. ಅದರ ಅಂಚಿನಲ್ಲಿ ಕೆಂಪಗೆ ಉಬ್ಬಿಕೊಂಡು ಅಂಕುಡೊಂಕಾಗಿ ಹರಿದ ಒಂದು ಗೆರೆ. ಯಾರೋ ಕೆಂಪು ಪೆನ್ನಿನಲ್ಲಿ ನದಿಯ ನಕ್ಷೆ ಬರೆಯಲು ಕೂತು, ಅರ್ಧಕ್ಕೇ ಎದ್ದುಹೋದ ಹಾಗೆ. ಕೆಳಗೆ ನಮ್ಮ ಸೆಕ್ರೆಟರಿ ರಾವ್‌ಗಾರು ಬರೆದಿದ್ದರು: ‘ನಾಯಿಗಳಿಂದಾಗಿ ನಮ್ಮ ಒಬ್ಬ ಹಿರಿಯ ನಾಗರಿಕರಿಗೆ ಬಂದ ಗತಿ ನೋಡಿ. ಭಾನುವಾರ ಬೆಳಿಗ್ಗೆ ಸೆಲ್ಲಾರಿನಲ್ಲಿ ಮೀಟಿಂಗ್. ವಿಷಯ: ಬಿಲ್ಡಿಂಗಿನಿಂದ ಎಲ್ಲ ನಾಯಿಗಳನ್ನೂ ಹೊರಗೆ ಕಳಿಸುವುದು.’

ಅದರ ಕೆಳಗೆ ಅಳುವ ಮುಖಗಳು, ಕೋಪದ ಮುಖಗಳು, ಕೈಮುಗಿದ ಗುರುತುಗಳು. ಒಬ್ಬರು ‘ಓಂ ಶಾಂತಿ’ ಅಂತಲೂ ಹಾಕಿದ್ದರು. (ಅವರು ಫೋಟೊ ದೊಡ್ಡದು ಮಾಡಿ ನೋಡಿರಲಿಕ್ಕಿಲ್ಲ.)

ನನ್ನ ಹೆಂಡತಿ ಮಂಗಲಾ ಚಹಾ ಕುಡಿಯುತ್ತ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕನ್ನಡಕ ಹಾಕಿಕೊಂಡು ಮತ್ತೆ ಹತ್ತಿರ ಹಿಡಿದಳು.

“ಈ ಕಾಲು ನಾ ಎಲ್ಲೋ ನೋಡೇನಲ್ರಿ?”

ನಾನು ಎಡಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಕ್ಕೆ ಎಳೆದುಕೊಂಡೆ.

“ಎಳಕೋಬ್ಯಾಡ್ರಿ. ಆ ಹೆಬ್ಬೆಟ್ಟಿನ ಉಗುರು ಇಡೀ ಮಲ್ಕಾಜ್‌ಗಿರಿಯೊಳಗ ಒಬ್ಬರಿಗೇ ಐತಿ.”

ನನಗೆ ಮೊದಲು ನೋವಾದದ್ದು ‘ಹಿರಿಯ ನಾಗರಿಕ’ ಎಂಬ ಮಾತಿಗೆ. ರೈಲಿನಲ್ಲಿ ಕೆಳಗಿನ ಬರ್ತ್ ಕೊಡಿ ಅಂತ ಕೇಳಲು ಇನ್ನೂ ವರ್ಷಗಳಿವೆ ನನಗೆ. ಎರಡನೆಯ ಸಂಗತಿ ಅರ್ಥವಾಗಲು ಅರ್ಧ ಕಪ್ ಚಹಾ ಬೇಕಾಯಿತು. ಬಿಲ್ಡಿಂಗಿನಿಂದ ಹೊರಗೆ ಹೋಗಬೇಕಾದ ನಾಯಿಗಳಲ್ಲಿ ಒಂದು, ಆ ಹೊತ್ತಿಗೆ, ಅದೇ ಕುರ್ಚಿಯ ಕೆಳಗೆ, ಅದೇ ಕಾಲಿನ ಮೇಲೆ ಗದ್ದ ಇಟ್ಟುಕೊಂಡು ಮಲಗಿತ್ತು.

ಅಂದರೆ ಸಂತ್ರಸ್ತ ನಾನೇ. ಆರೋಪಿಯ ಮನೆಯವನೂ ನಾನೇ. ಇಂಥ ಕೇಸು ನೀವು ಎಲ್ಲಾದರೂ ಕೇಳಿದ್ದೀರಾ?

ನಾಯಿಯ ಹೆಸರು ಗಿರ್ಮಿಟ್. ಎರಡು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ಮಗಳು ಸಿರಿ ಅದನ್ನು ಮಲ್ಕಾಜ್‌ಗಿರಿ ಸ್ಟೇಷನ್ನಿನ ಹೊರಗಿಂದ ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದಳು. ಕಿವಿ ಒಂದು ಜಾತಿಯದು, ಬಾಲ ಇನ್ನೊಂದು ಜಾತಿಯದು, ಬಣ್ಣ ಯಾವ ಜಾತಿಗೂ ಸೇರಿದ್ದಲ್ಲ. ಚುರುಮುರಿಗೆ ಮನೆಯಲ್ಲಿ ಇದ್ದದ್ದೆಲ್ಲ ಹಾಕಿ ಕಲಸಿದ ಹಾಗೆ ಇದೆ ಅಂತ ಆ ಹೆಸರಿಟ್ಟಳು. ನಾವು ಬಾಗಲಕೋಟೆ ಕಡೆಯವರು. ಗಿರ್ಮಿಟ್ ಅಂದ ಕೂಡಲೇ ಅರ್ಧ ವಿರೋಧ ಕರಗಿಹೋಯಿತು.

ಉಳಿದರ್ಧ ವಿರೋಧ ನನ್ನದು. ಈ ಅಂಕಣ ಓದುತ್ತ ಬಂದವರಿಗೆ ಗೊತ್ತು, ಚಿಂತೆಯ ವಿಷಯದಲ್ಲಿ ನಾನು ಸಣ್ಣದು ದೊಡ್ಡದು ಎಂದು ಭೇದ ಮಾಡುವವನಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೌಲಾಲಿಯವರೆಗೆ ಹೋಗಿ ವಾಪಸ್ ಬಂದವನು. ನಾಯಿ ಮನೆಗೆ ಬಂದ ಮರುದಿನವೇ ಪಶುವೈದ್ಯರ ಹತ್ತಿರ ಓಡಿದೆ. ಅವರು ಒಂದು ಮಾತು ಹೇಳಿದರು: ಮರಿಗಳಿಗೆ ಜಂತುಹುಳು ಬಹಳ ಸಲ ತಾಯಿಯಿಂದಲೇ ಬಂದಿರುತ್ತದೆ, ಅದಕ್ಕೇ ಎಳೆಯ ಮರಿಗೆ ಪದೇ ಪದೇ ಔಷಧ, ದೊಡ್ಡದಾದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಮಾತ್ರೆ, ಅದೂ ತೂಕ ನೋಡಿ.

ಸಾಕಲ್ಲ ನನಗೆ! ಫೋನಿನಲ್ಲಿ ಅಲಾರಾಂ ಬಂತು. ನಾಯಿಯ ತೂಕ ಹಿಡಿಯುವುದು ಹೇಗೆ ಗೊತ್ತೇ? ನಾಯಿಯನ್ನು ಎತ್ತಿಕೊಂಡು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಲ್ಲಬೇಕು, ಆಮೇಲೆ ಒಬ್ಬರೇ ನಿಂತು ಕಳೆಯಬೇಕು. ನಾಯಿಯದು ಸರಿಯಾಗಿಯೇ ಇತ್ತು. ನನ್ನದು ನೋಡಿ ಹೊಸ ಚಿಂತೆ ಶುರುವಾಯಿತು.

ಊಟಕ್ಕೆ ಮುಂಚೆ ಬೇಸಿನ್ನಿನ ಹತ್ತಿರ ಟ್ರಾಫಿಕ್ ಪೊಲೀಸನ ಹಾಗೆ ನಿಲ್ಲತೊಡಗಿದೆ. ನಾಯಿ ಮುಟ್ಟಿದವರು ಸೋಪು ಹಚ್ಚದೆ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ಮಂಗಲಾ ಒಮ್ಮೆ ಕೇಳಿದಳು, “ನಾಯಿನ್ನ ನಾ ಮುಟ್ಟೇ ಇಲ್ಲ, ನನಗ್ಯಾಕ ಚಲಾನು?” ಸೊಪ್ಪು ಮೂರು ನೀರು, ಕೊತ್ತಂಬರಿ ನಾಲ್ಕು ನೀರು. ಗಿರ್ಮಿಟ್‌ನ ಮೈಮೇಲೆ ಚಿಗಟ ಕಂಡರೆ ಮನೆಯಲ್ಲಿ ತುರ್ತುಪರಿಸ್ಥಿತಿ, ಏಕೆಂದರೆ ಒಂದು ಜಾತಿಯ ಲಾಡಿಹುಳು ಚಿಗಟದ ಮೂಲಕವೂ ಬರುತ್ತದಂತೆ. ಸಿರಿ ಸಂಜೆ ಅದನ್ನು ಹೊರಗೆ ಒಯ್ಯುವಾಗ ಜೇಬಿನಲ್ಲಿ ಪೇಪರ್ ಚೀಲ ಇದೆಯೋ ಇಲ್ಲವೋ ಅಂತ ನಾನು ಬಾಗಿಲಲ್ಲೇ ತಪಾಸಣೆ ಮಾಡುತ್ತಿದ್ದೆ.

ಇಷ್ಟು ಕಾವಲಿದ್ದ ಮನೆಗೆ ಹುಳು ಬಂದದ್ದು ಯಾವ ಬಾಗಿಲಿಂದ? ಯಜಮಾನನ ಅಂಗಾಲಿನಿಂದ.

ಈ ಜೂನ್‌ನಲ್ಲಿ ನನ್ನ ಬಿ.ಪಿ. ಸ್ವಲ್ಪ ಮೇಲೆ ತೋರಿಸಿತು. ಸ್ವಲ್ಪವೇ. ಆದರೆ ನಾನು ಅದನ್ನು ಮೇಲಿನ ಫ್ಲೋರಿನ ಕುಲಕರ್ಣಿಯವರಿಗೆ ಹೇಳಿಬಿಟ್ಟೆ. ಕುಲಕರ್ಣಿಯವರು ರೈಲ್ವೆಯಿಂದ ನಿವೃತ್ತರಾದವರು, ವಿಜಯಪುರದ ಕಡೆಯವರು. ಯಾವ ರೋಗಕ್ಕೂ ಅವರ ಹತ್ತಿರ ಪರಿಹಾರ ಉಂಟು. ಆ ಪರಿಹಾರ ಬೆಳಿಗ್ಗೆ ಬೇಗ ಏಳುವುದರಿಂದ ಶುರುವಾಗುತ್ತದೆ.

“ಮೊದಲು ಬೂಟು ತೆಗೀರಿ!” ಅಂದರು. “ಭೂಮಿಗೂ ನಮಗೂ ನಡುವ ರಬ್ಬರ್ ಬಂದು ಕುಂತೈತಿ. ಬಿ.ಪಿ. ಏರದ ಇನ್ನೇನ್ ಇಳೀತೈತೇನ್ರಿ? ಹಸೀ ಹುಲ್ಲಿನ ಮ್ಯಾಲ ಬರಿಗಾಲಲೆ ಅಡ್ಡಾಡ್ರಿ. ನಾ ನೋಡ್ರಿ, ಹೆಂಗದೀನಿ!”

ಅವರು ಚೆನ್ನಾಗಿಯೇ ಇದ್ದರು. ನಾನು ಬೂಟು ತೆಗೆದೆ.

ನಮ್ಮ ಬಿಲ್ಡಿಂಗಿನ ಹಿಂದೆ, ಕಾಂಪೌಂಡ್ ಗೋಡೆಗೂ ರೈಲು ಹಳಿಗೂ ಹತ್ತಿರವಾಗಿ, ಒಂದು ಹುಲ್ಲಿನ ಪಟ್ಟಿ ಇದೆ. ಅಸೋಸಿಯೇಷನ್ನಿನವರು ಅದನ್ನು ‘ಪಾರ್ಕ್’ ಅನ್ನುತ್ತಾರೆ. ಅಲ್ಲಿ ಬೆಳಗಿನ ಹೊತ್ತು ಪ್ಯಾಂಟು ಮಡಚಿಕೊಂಡು ನಾಲ್ಕಾರು ಗಂಡಸರು ಗಂಭೀರವಾಗಿ ಸುತ್ತು ಹಾಕುತ್ತಿರುತ್ತಾರೆ, ಕಳೆದುಹೋದ ಉಂಗುರ ಹುಡುಕುತ್ತಿರುವವರ ಹಾಗೆ. ಅದೇ ಬರಿಗಾಲು ಬ್ಯಾಚ್. ನಾನೂ ಸೇರಿದೆ. ಮಳೆ ಬಿದ್ದ ನೆಲ, ತಂಪು ಹುಲ್ಲು, ಪಕ್ಕದಲ್ಲಿ ಲೋಕಲ್ ಟ್ರೈನಿನ ಸದ್ದು. ನಿಜ ಹೇಳುತ್ತೇನೆ, ಬಹಳ ಹಿತವಾಗಿತ್ತು. ಇಡೀ ದಿನದಲ್ಲಿ ಚಿಂತೆಯಿಲ್ಲದ ಅರ್ಧ ಗಂಟೆ ಅದೊಂದೇ.

ಆಮೇಲೆ ಕಾಲು ತುರಿಸತೊಡಗಿತು.

ಮೆಡಿಕಲ್ ಶಾಪಿನವನು ನೋಡದೆಯೇ ಒಂದು ಟ್ಯೂಬು ಕೊಟ್ಟ. ಹಚ್ಚಿದೆ. ಗೆರೆ ಹೋಗಲಿಲ್ಲ, ಮುಂದೆ ಹೋಯಿತು! ಅನುಮಾನ ಬಂದು ಅದರ ತುದಿಗೆ ಬಾಲ್‌ಪೆನ್ನಿನಿಂದ ಗುರುತು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗೆರೆ ನನ್ನ ಗುರುತನ್ನು ದಾಟಿ ಕಿರುಬೆರಳಿನ ದಿಕ್ಕಿಗೆ ತಿರುಗಿತ್ತು. ನನ್ನ ಕಾಲಿನಲ್ಲಿ ಯಾರೋ ನನಗಿಂತ ನಿಯಮಿತವಾಗಿ ವಾಕಿಂಗ್ ಮಾಡುತ್ತಿದ್ದರು.

ಗಾಬರಿಯಲ್ಲಿ ಫೋಟೊ ತೆಗೆದು ಕುಲಕರ್ಣಿಯವರಿಗೆ ಕಳಿಸಿದೆ: ‘ಇದೇನಿರಬಹುದು?’ ಅವರು ಬರಿಗಾಲು ಬ್ಯಾಚಿನ ಗ್ರೂಪಿಗೆ ಕಳಿಸಿದರು. ಅಲ್ಲಿಂದ ಯಾರೋ, ‘ನಾಯಿಗಳಿಂದ ಹೀಗಾಗುತ್ತದಂತೆ’ ಎಂದು ಸೇರಿಸಿ, ರಾವ್‌ಗಾರಿಗೆ. ಮುಂದಿನದು ನಿಮಗೆ ಗೊತ್ತು. ನಾನು ಕುಲಕರ್ಣಿಯವರನ್ನು ಲಿಫ್ಟಿನಲ್ಲಿ ಹಿಡಿದು ಕೇಳಿದರೆ, ಅವರಿಗೇ ಬೇಜಾರು.

“ಹೆಸರು ಹಾಕಿಲ್ರಿ ನಾ! ಕಾಲಷ್ಟ ಕಳಿಸೀನಿ. ನಿಮ್ಮ ಮರ್ಯಾದಿ ಕಾಪಾಡೀನಿ.”

ಅಂತೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿದ ಕೂಡಲೇ ಅವರ ಮುಖ ಅರಳಿತು. ಡಾಕ್ಟರ ಮುಖ ಅರಳಿದರೆ ರೋಗಿಯ ಮುಖ ಬಾಡಬೇಕು ಎಂಬುದು ನನ್ನ ಅನುಭವ.

“ಮನೇಲಿ ನಾಯಿ ಇದೆಯಾ ಅಂಕಲ್?”

“ಇದೆ. ಆದರೆ ತುಂಬಾ ಕ್ಲೀನು.”

“ಬರಿಗಾಲಲ್ಲಿ ಮಣ್ಣಲ್ಲಿ, ಹುಲ್ಲಲ್ಲಿ ನಡೀತೀರಾ?”

“ಹ್ಞಾಂ. ಆರೋಗ್ಯಕ್ಕೆ.”

ಅವರು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಇದು ನಾಯಿ, ಬೆಕ್ಕುಗಳ ಹೊಟ್ಟೆಯಲ್ಲಿ ಬಾಳುವ ಕೊಕ್ಕೆಹುಳುವಿನ ಮರಿ. ಪ್ರಾಣಿಯ ಮಲದಲ್ಲಿ ಮೊಟ್ಟೆ ಬೀಳುತ್ತದೆ. ಬೆಚ್ಚಗಿನ ಒದ್ದೆ ಮಣ್ಣು ಸಿಕ್ಕರೆ ಕೆಲವು ದಿನಗಳಲ್ಲಿ ಮರಿಯಾಗಿ ಕಾಯುತ್ತ ಕೂರುತ್ತದೆ. ಬರಿಗಾಲು ಸಿಕ್ಕರೆ ಚರ್ಮದೊಳಕ್ಕೆ ನುಗ್ಗುತ್ತದೆ. ನಾಯಿಯ ಮೈಯಾಗಿದ್ದರೆ ಅದಕ್ಕೆ ಮುಂದಿನ ದಾರಿ ಗೊತ್ತು. ಮನುಷ್ಯನ ಚರ್ಮದಲ್ಲಿ ಸಾಮಾನ್ಯವಾಗಿ ಒಳಗೆ ಹೋಗಲು ದಾರಿ ಸಿಗುವುದಿಲ್ಲ, ಹೊರಗೆ ಬರಲೂ ತಿಳಿಯುವುದಿಲ್ಲ. ಸುಮ್ಮನೆ ಚರ್ಮದ ಅಡಿಯಲ್ಲಿ ಅಲೆಯುತ್ತಿರುತ್ತದೆ.

ನನಗೆ ಒಂದು ಕ್ಷಣ ಆ ಹುಳುವಿನ ಮೇಲೆ ಮರುಕ ಹುಟ್ಟಿತು. ಲಿಂಗಂಪಲ್ಲಿಗೆ ಹೊರಟು ಕೂಕಟ್‌ಪಲ್ಲಿಯಲ್ಲಿ ತಪ್ಪು ಫ್ಲೈಓವರ್ ಹತ್ತಿದವನಿಗೆ ಮಾತ್ರ ಅದರ ಸಂಕಟ ಅರ್ಥವಾದೀತು.

“ಹಾಗಾದರೆ ನಮ್ಮ ನಾಯಿಯನ್ನ...” ಎಂದೆ.

“ನಾಯಿ ಮುದ್ದು ಮಾಡಿದ್ದಕ್ಕೆ ಇದು ಬರಲ್ಲ ಅಂಕಲ್. ಮಣ್ಣಿಂದ ಬರುತ್ತೆ. ನಾಯಿಗೆ ಸರಿಯಾಗಿ ಮಾತ್ರೆ ಕೊಡಿ, ಅದು ಮಾಡಿದ್ದನ್ನ ಕೂಡಲೇ ಎತ್ತಿ ಹಾಕಿ, ನೀವು ಚಪ್ಪಲಿ ಹಾಕ್ಕೊಳ್ಳಿ. ಇನ್ನೊಂದು ಜಾತಿ ಹುಳು ಇದೆ, ಅದರ ಮೊಟ್ಟೆ ಮಣ್ಣಾದ ಕೈಯಿಂದ ಬಾಯಿಗೆ ಹೋಗುತ್ತೆ. ಮಕ್ಕಳಿಗೆ ಅದೇ ಹೆಚ್ಚು. ಅದಕ್ಕೇ ಸೋಪು.”

ಸೋಪಿನ ವಿಷಯದಲ್ಲಿ ನಾನು ಸರಿಯಾಗಿದ್ದೆ ಅಂತ ಮಂಗಲಾಗೆ ಹೇಳಲು ಅಲ್ಲೇ ಫೋನ್ ತೆಗೆದೆ. ಅವಳು ಎತ್ತಲಿಲ್ಲ. ನನಗೂ ಮಾತ್ರೆ ಬರೆದುಕೊಟ್ಟರು. ಮೆಡಿಕಲ್ ಶಾಪಿನ ಟ್ಯೂಬನ್ನು ಡಾಕ್ಟರು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಬಿಟ್ಟರು.

ಕಾಲಿನ ಕಥೆ ಅಲ್ಲಿಗೆ ಮುಗಿಯಿತು. ನಾಯಿಯ ಕಥೆ ಮುಗಿದಿರಲಿಲ್ಲ.

ಶನಿವಾರ ಸಂಜೆ ಸಿರಿ ನನ್ನ ಎದುರು ಬಂದು ಕೂತಳು. ಇಂಟರ್ ಮೊದಲ ವರ್ಷ, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಾಳೆ. ಆ ವಯಸ್ಸಿನಲ್ಲಿ ಮಕ್ಕಳು ಅಪ್ಪನ ಎದುರು ತಾವಾಗಿ ಬಂದು ಕೂತರೆ ವಿಷಯ ಗಂಭೀರ.

“ಪಪ್ಪಾ, ನಾಳೆ ಗಿರ್ಮಿಟ್‌ನ್ನ ಹೊರಗ ಹಾಕ್ತಾರ. ಎಲ್ಲಿಗೆ ಕಳಸ್ತೀರಿ?”

ಕಳಿಸಲು ಎಲ್ಲಿಯೂ ಜಾಗ ಇರಲಿಲ್ಲ. ಲಿಂಗಂಪಲ್ಲಿಯ ಮಂಗಲಾಳ ತಮ್ಮನಿಗೆ ಫೋನ್ ಮಾಡಿ ಆಗಿತ್ತು. ಅವನ ಮನೆಯಲ್ಲಿ ಬೆಕ್ಕಿದೆ, ಬೆಕ್ಕಿನ ಮಾತೇ ನಡೆಯುತ್ತದೆ. ಉಳಿದದ್ದು ಊರ ಹೊರಗಿನ ಶೆಲ್ಟರು. ಗುಡುಗು ಕೇಳಿಸಿದರೆ ವಾಷಿಂಗ್ ಮಷೀನಿನ ಹಿಂದೆ ಹೋಗಿ ಕೂರುವ ನಾಯಿ ಅದು. ಅಲ್ಲಿ ವಾಷಿಂಗ್ ಮಷೀನ್ ಎಲ್ಲಿಂದ ಬರಬೇಕು?

“ಆ ಕಾಲು ನಿಮ್ಮದು ಅಂತ ನೀವು ಹೇಳ್ತೀರೋ, ನಾ ಹೇಳ್ಲೋ?”

“ನೋಡ್ತೀನವಾ.”

“ನೀವು ನೋಡ್ತೀನಿ ಅಂದ್ರ ಇಲ್ಲ ಅಂತ ಅರ್ಥ.”

ಎದ್ದುಹೋದಳು. ಗಿರ್ಮಿಟ್ ಕೂಡ ಎದ್ದು ಅವಳ ಹಿಂದೆ ಹೋಯಿತು, ಹೋಗುತ್ತ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನ್ನ ಸಂಕಟ ನಿಮಗೆ ಹೇಳುತ್ತೇನೆ. ಸುಮ್ಮನಿದ್ದರೆ ಆ ಕಾಲು ಯಾರದೆಂದು ಗೊತ್ತಾಗುವುದಿಲ್ಲ, ನಾಯಿ ಹೋಗುತ್ತದೆ. ಬಾಯಿಬಿಟ್ಟರೆ, ‘ಹುಳು ಹತ್ತಿಸಿಕೊಂಡವನು, ನಾಯಿಯನ್ನೂ ಇಟ್ಟುಕೊಂಡವನು’ ಎಂದು ಲಿಫ್ಟಿನಲ್ಲಿ ನನ್ನ ಜೊತೆ ಯಾರೂ ಹತ್ತುವುದಿಲ್ಲ. ಈ ವಯಸ್ಸಿಗೆ ಹೊಸ ಬಿರುದು ಯಾರಿಗೆ ಬೇಕು?

ಭಾನುವಾರ ನಮ್ಮವ್ವ, ಮಂಗಲಾ, ಸಿರಿ, ಗಿರ್ಮಿಟ್ ಸಮೇತ ಸೆಲ್ಲಾರಿಗೆ, ಅಂದರೆ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿಗೆ, ಇಳಿದೆವು. ಪ್ಲಾಸ್ಟಿಕ್ ಕುರ್ಚಿಗಳು, ಸ್ಕೂಟರುಗಳ ನಡುವೆ ಒಂದು ಟೇಬಲ್ಲು. ಮೈಕ್ ಇಲ್ಲದಿದ್ದರೂ ರಾವ್‌ಗಾರು ಮೈಕಿನ ಮುಂದೆ ನಿಂತವರ ಹಾಗೆಯೇ ನಿಂತಿದ್ದರು. ಅವರ ಹಿಂದಿನ ಪಿಲ್ಲರಿಗೆ ನನ್ನ ಕಾಲನ್ನು ಕಲರ್ ಪ್ರಿಂಟ್ ತೆಗೆಸಿ ಅಂಟಿಸಿದ್ದರು. ಅಷ್ಟು ದೊಡ್ಡದಾಗಿ ನೋಡಿದ ಮೇಲೆ ನನಗೇ ಆ ಕಾಲಿನ ಬಗ್ಗೆ ಭಯ ಹುಟ್ಟಿತು.

ರಾವ್‌ಗಾರು ಕೆಟ್ಟವರಲ್ಲ. ಬೋರ್‌ವೆಲ್ ಮೋಟಾರು ಸುಟ್ಟರೆ ಪೂಜೆ ಅರ್ಧಕ್ಕೆ ಬಿಟ್ಟು ಬರುವ ಮನುಷ್ಯ. ಅವರ ಮೊಮ್ಮಗಳು ಸಂಜೆ ಅದೇ ಹುಲ್ಲಿನ ಮೇಲೆ ಆಡುತ್ತಾಳೆ. ಅವರ ಧ್ವನಿಯಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. “ಚೂಡಂಡಿ, ಪೆದ್ದವಾಳ್ಳಕೇ ಇಲಾ ಅಯಿತೇ ಪಿಲ್ಲಲ ಗತಿ ಏಂಟಿ?” ದೊಡ್ಡವರಿಗೇ ಹೀಗಾದರೆ ಮಕ್ಕಳ ಗತಿ ಏನು? ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಹೆದರಿಕೆ ನನ್ನ ಮಾತೃಭಾಷೆ. ಯಾರು ಆಡಿದರೂ ನನಗೆ ತಿಳಿಯುತ್ತದೆ.

“ಒಪ್ಪಿಗೆ ಇದ್ದವರು ಕೈ ಎತ್ತಿ” ಅಂದರು.

ಕೈಗಳು ಏಳತೊಡಗಿದವು. ಸಿರಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಹುಶಃ ಕೂತೇ ಇರುತ್ತಿದ್ದೆ. ಅವಳು ಬಗ್ಗಿ ಗಿರ್ಮಿಟ್‌ನ ಕತ್ತಿನ ಪಟ್ಟಿಯನ್ನು ಒಂದು ರಂಧ್ರ ಸಡಿಲ ಮಾಡುತ್ತಿದ್ದಳು, ದೂರದ ಪ್ರಯಾಣಕ್ಕೆ ಹೊರಟವರಿಗೆ ಮಾಡುವ ಹಾಗೆ.

“ಆ ಕಾಲು ನಾದಿ!” ಅಂದೆ. ಆ ಕಾಲು ನನ್ನದು. ಸ್ವಲ್ಪ ಜೋರಾಗಿಯೇ ಬಂತು.

ರಾವ್‌ಗಾರು ನನ್ನನ್ನು ನೋಡಿದರು, ಪಿಲ್ಲರನ್ನು ನೋಡಿದರು.

“ಮೀದಾ? ಮೀಕೇ ಕುಕ್ಕ ಉಂದಿ ಕದಂಡೀ!” ನಿಮ್ಮದಾ? ನಿಮ್ಮ ಮನೆಯಲ್ಲೇ ನಾಯಿ ಇದೆಯಲ್ಲ!

ಯಾರೋ ಹಿಂದಿನಿಂದ ಪ್ರೂಫ್ ಕೇಳಿದರು. ನಾನು ಬೂಟು, ಸಾಕ್ಸು ಬಿಚ್ಚಿ ಪಿಲ್ಲರಿನ ಪಕ್ಕದಲ್ಲಿ ಕಾಲು ಎತ್ತಿ ಹಿಡಿದೆ. ಮುಂದಿನ ಸಾಲಿನವರು ಎದ್ದು ಬಂದು, ಆಧಾರ್ ಫೋಟೊ ತಾಳೆ ನೋಡುವವರ ಹಾಗೆ, ಎರಡನ್ನೂ ನೋಡಿದರು. ಹೆಬ್ಬೆಟ್ಟಿನ ಉಗುರು ಸಾಕ್ಷಿ ಹೇಳಿತು.

ಒಂದು ಕಾಲಿನ ಮೇಲೆ ನಿಂತುಕೊಂಡೇ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಗಿರ್ಮಿಟ್‌ಗೆ ಹೋದ ತಿಂಗಳಷ್ಟೇ ಮಾತ್ರೆ ಆಗಿದೆ ಅಂತಲೂ, ಪಶುವೈದ್ಯರು ಸಗಣಿ ಪರೀಕ್ಷೆ ಮಾಡಿಸಿ ಮೊಟ್ಟೆ ಕಾಣಲಿಲ್ಲ ಅಂದದ್ದನ್ನೂ ಹೇಳಿದೆ. (ನಾಯಿಯದಕ್ಕೆ ಸಗಣಿ ಅನ್ನುವುದಿಲ್ಲ, ಗೊತ್ತು. ಹೆಂಗಸರಿದ್ದರು, ಬೇರೆ ಮಾತು ಹೊಳೆಯಲಿಲ್ಲ.)

“ನಿಮ್ಮೊಬ್ಬರಿಗೇ ಬಂದಿದೆ. ಬೇರೆ ಯಾರಿಗೂ ಇಲ್ಲವಲ್ಲ?” ಅಂದರು ಒಬ್ಬರು.

ಆಗ ಕುಲಕರ್ಣಿಯವರು ಕೆಮ್ಮಿದರು. ಕೆಮ್ಮಿ, ಎದ್ದು, ನಿಧಾನವಾಗಿ ಬಲಗಾಲಿನ ಸಾಕ್ಸು ಎಳೆದರು. ಅವರ ಹಿಮ್ಮಡಿಯ ಮೇಲೆ ಅರಿಶಿನ ಮೆತ್ತಿತ್ತು. ಅರಿಶಿನದ ಅಂಚಿನಿಂದ ಒಂದು ಕೆಂಪು ಗೆರೆ ಇಣುಕುತ್ತಿತ್ತು.

“ಇದು ಉಷ್ಣ ಅಂತ ತಿಳದಿದ್ದೆರಿ ನಾ” ಅಂದರು, ಮೆತ್ತಗೆ.

“ಭೂಮಿ ಸ್ಪರ್ಶ ಆಗೈತ್ರಿ” ಅಂದಳು ಮಂಗಲಾ.

ಬರಿಗಾಲು ಬ್ಯಾಚಿನ ಇನ್ನೂ ಒಬ್ಬರು ಸಾಕ್ಸು ತೆಗೆದರು. ಆಮೇಲೆ ಮತ್ತೊಬ್ಬರು. ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ತಂತಮ್ಮ ಕಾಲನ್ನು ತಂತಮ್ಮ ಸಾಕ್ಸಿನಲ್ಲಿ ಬಚ್ಚಿಟ್ಟುಕೊಂಡಿದ್ದರು. ಬಿ.ಪಿ. ಇದೆ ಅಂತ ಲಿಫ್ಟಿನಲ್ಲಿ ಸಾರಿಕೊಂಡು ಬರುವ ಜನ ನಾವು. ಹುಳ ಇದೆ ಅನ್ನಲು ಮಾತ್ರ ನಾಚಿಕೆ. ರಾವ್‌ಗಾರು ಸಾಕ್ಸು ತೆಗೆಯಲಿಲ್ಲ. ಆದರೆ ಟೇಬಲ್ಲಿನ ಕೆಳಗೆ ಅವರ ಒಂದು ಕಾಲು ಇನ್ನೊಂದು ಕಾಲನ್ನು ಮೆಲ್ಲಗೆ ಉಜ್ಜುತ್ತಿದ್ದುದನ್ನು ನಾನು ನೋಡಿದೆ.

ಹುಲ್ಲಿನಲ್ಲಿ ಹುಳು ಬಿಟ್ಟದ್ದು ಮನೆ ನಾಯಿಗಳಲ್ಲವಾದರೆ ಮತ್ತೆ ಯಾರು? ಎಲ್ಲರ ತಲೆಯೂ ಒಟ್ಟಿಗೆ ಗೇಟಿನ ಕಡೆ ತಿರುಗಿತು. ಅಲ್ಲಿ ಕರೆವ್ವ ಮಲಗಿದ್ದಳು.

ಕರೆವ್ವ ಎಂದರೆ ಗೇಟಿನ ಕರಿಯ ನಾಯಿ. ಹೆಸರಿಟ್ಟವಳು ನಮ್ಮವ್ವ. ಅವ್ವ ಗಿರ್ಮಿಟ್‌ನನ್ನು ಮುಟ್ಟುವುದಿಲ್ಲ, ಅಡಿಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ತುಪ್ಪ ಸವರಿದ ಚಪಾತಿ ಹಿಡಿದುಕೊಂಡು ಕರೆವ್ವನ ಮುಂದೆ ನಿಲ್ಲುತ್ತಾಳೆ. ಕರಿನಾಯಿಗೆ ಶನಿವಾರ ಉಣಿಸಿದರೆ ಶನಿದೇವರ ಕಣ್ಣು ತಣ್ಣಗಿರುತ್ತದೆ ಎಂದು. ಅವ್ವನೊಬ್ಬಳೇ ಅಲ್ಲ, ಅರ್ಧ ಬಿಲ್ಡಿಂಗೇ ಡಬ್ಬಿ ಹಿಡಿದು ಇಳಿಯುತ್ತದೆ. ಮೊಸರನ್ನ, ಪೂರಿ, ಹಾಲು, ಬಿಸ್ಕತ್ತು. ಕರೆವ್ವ ಉಂಡಷ್ಟು ಉಂಡು, ಮಿಕ್ಕ ಚಪಾತಿಗಳನ್ನು ಹಿಂದಿನ ಹುಲ್ಲಿನಲ್ಲಿ ಹೂತಿಡುತ್ತಾಳೆ. ಅಲ್ಲೇ ಮರಿ ಹಾಕುತ್ತಾಳೆ. ತಾಯಿ ಮರಿಗಳ ಉಳಿದ ಕಾರ್ಯಕ್ರಮವೂ ಅಲ್ಲೇ. ಅವಳಿಗೆ ಇಷ್ಟು ಜನ ಉಣಿಸಿದ್ದಾರೆ. ಒಬ್ಬರಾದರೂ ಮಾತ್ರೆ ಹಾಕಿದ್ದಾರಾ?

“ಹಿಡಿದು ಊರ ಹೊರಗೆ, ಶಾಮೀರ್‌ಪೇಟೆ ಆಚೆ ಬಿಟ್ಟು ಬಂದರಾಯಿತು” ಅಂದಿತು ಹಿಂದಿನ ಸಾಲು.

ಅವ್ವ ಎದ್ದು ನಿಂತಳು. ಹೈದರಾಬಾದಿಗೆ ಬಂದು ಇಷ್ಟು ವರ್ಷವಾದರೂ ಅವಳ ತೆಲುಗು ಬಾಗಲಕೋಟೆ ದಾಟಿಲ್ಲ, ಆದರೆ ಸಿಟ್ಟು ಬಂದಾಗ ಅವಳ ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ.

“ನಿನ್ನೆ ಕೈ ಮುಗದು ಉಣಸಿದವರು ನೀವು, ಇವತ್ತ ಹಿಡದು ಒಯ್ಯವರೂ ನೀವೇನು? ಆತು, ಒಯ್ರಿ. ಯಾರು ಹಿಡೀತೀರಿ, ಅವರು ಕೈ ಎತ್ರಿ. ಸಾಡೇಸಾತಿ ಯಾರಿಗೆ ಬೇಕಾಗೈತಿ, ನಾನೂ ನೋಡ್ತೀನಿ!”

ಸಾಡೇಸಾತಿ ಎಂಬ ಶಬ್ದಕ್ಕೆ ಅನುವಾದ ಬೇಕಾಗಲಿಲ್ಲ. ಏಳೂವರೆ ವರ್ಷದ ಶನಿಕಾಟ ಯಾವ ಭಾಷೆಯವರಿಗೆ ಗೊತ್ತಿಲ್ಲ? ಸಾಫ್ಟ್‌ವೇರಿನವರು, ಬ್ಯಾಂಕಿನವರು, ರೈಲ್ವೆಯವರು, ಎಲ್ಲರ ಕೈಗಳೂ ತೊಡೆಯ ಮೇಲೆ. ಒಬ್ಬರ ಏಳುತ್ತಿದ್ದ ಕೈಯನ್ನು ಅವರ ಹೆಂಡತಿ ಹಿಡಿದು ಕೆಳಗೆ ಇಳಿಸಿದರು.

ಕರೆವ್ವನನ್ನೇ ಕಳಿಸುವ ಹಾಗಿಲ್ಲವೆಂದ ಮೇಲೆ, ಮಾತ್ರೆ ತಿಂದು ಶುದ್ಧವಾಗಿರುವ ಗಿರ್ಮಿಟ್‌ನನ್ನು ಯಾವ ಬಾಯಿಂದ ಕಳಿಸುವುದು? ರಾವ್‌ಗಾರು ಪಿಲ್ಲರಿನ ಮೇಲಿನ ನನ್ನ ಕಾಲನ್ನು ದಿಟ್ಟಿಸಿದರು.

ಸಿರಿ ಆಗ ಬಾಯಿ ತೆರೆದಳು. ತೆಲುಗು, ಹಿಂದಿ, ಇಂಗ್ಲಿಷು, ಎಲ್ಲ ಕಲಸಿ. ಪಶುವೈದ್ಯರಿಗೆ ಅವಳು ಮೊದಲೇ ಫೋನ್ ಮಾಡಿದ್ದಳು. (ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಆ ಫೋನಿನ ಬಗ್ಗೆಯೂ ಚಿಂತೆ ಮಾಡುತ್ತಿದ್ದೆ.) ಬೀದಿ ನಾಯಿಗೂ ಊಟದಲ್ಲಿ ಮಾತ್ರೆ ಕೊಡಬಹುದು, ಅವರೇ ಬಂದು ನೋಡಿ, ತೂಕ ಅಂದಾಜು ಮಾಡಿ, ಮರಿಗಳಿಗೆ ಬೇರೆ ಔಷಧ ಕೊಡುತ್ತಾರೆ. ಒಂದೇ ಷರತ್ತು, ಮಾತ್ರೆ ಹಾಕುವವರು ಒಬ್ಬರೇ ಇರಬೇಕು. ಹತ್ತು ಮನೆಯವರು ಹತ್ತು ಹಾಕಿದರೆ ಕರೆವ್ವ ಉಳಿಯುವುದು ಕಷ್ಟ.

ಆಗ ಏನಾಯಿತು ಊಹಿಸಿ. ಜಗಳ ತಿರುಗಿಬಿತ್ತು! ಶನಿದೇವರ ನಾಯಿಗೆ ಔಷಧ ಉಣಿಸುವ ಪುಣ್ಯ ಒಬ್ಬರಿಗೇ ಅಂದರೆ ಆ ಒಬ್ಬರು ಯಾರು? ಮೂರನೇ ಫ್ಲೋರಿನವರಿಗೆ ಅಷ್ಟಮ ಶನಿ ನಡೆಯುತ್ತಿದೆಯಂತೆ, ಅವರದು ತುರ್ತು. ಕುಲಕರ್ಣಿಯವರು ವಯಸ್ಸು ಮುಂದಿಟ್ಟರು. ಐದು ನಿಮಿಷದ ಹಿಂದೆ ಶಾಮೀರ್‌ಪೇಟೆ ಅಂದಿದ್ದ ಹಿಂದಿನ ಸಾಲು ಈಗ ಮುಂದಿನ ಸಾಲಿಗೆ ಬಂದಿತ್ತು.

ರಾವ್‌ಗಾರು ಕೇಳಿದರು, ಕರೆವ್ವ ಯಾರ ಚಪಾತಿಯನ್ನು ಹೂಳದೆ ಪೂರ್ತಿ ತಿನ್ನುತ್ತಾಳೆ? ವಾಚ್‌ಮನ್ ಸುಮ್ಮನೆ ಅವ್ವನ ಕಡೆ ಕೈ ತೋರಿಸಿದ. ತುಪ್ಪದ ಜೊತೆ ಅವ್ವ ಬೆಲ್ಲವನ್ನೂ ಇಡುತ್ತಾಳೆ ಅಂತ ಅವತ್ತು ನಮಗೂ ಗೊತ್ತಾಯಿತು.

ಅವ್ವ ಮಾತ್ರ ಒಪ್ಪಲು ತಡಮಾಡಿದಳು. “ದೇವರ ಹೆಸರಿಲೆ ಹಾಕೂದ್ರಾಗ ಗುಳಿಗಿ ಇಡೂದೇನವಾ?”

“ಅಜ್ಜಿ, ಹೊಟ್ಟಿ ತುಂಬ ಹುಳ ಇಟ್ಕೊಂಡು ಅದು ನಿನ್ನ ಚಪಾತಿ ಉಂಡ್ರ ಅದು ಹುಳಕ್ಕ ಹೋಗ್ತೈತಿ, ಶನಿದೇವರಿಗೆ ಹೋಗಂಗಿಲ್ಲ” ಅಂದಳು ಸಿರಿ.

ಅವ್ವ ಗೇಟಿನ ಕಡೆ ನೋಡಿದಳು. “ಹಂಗಾರ ಎರಡು ಚಪಾತಿ ಮಾಡ್ತೀನಿ ಬಿಡು. ಒಂದು ದೇವರದು, ಒಂದು ಗುಳಿಗಿದು.”

ಈ ಶನಿವಾರ ವೈದ್ಯರು ಬಂದಿದ್ದರು. ಕರೆವ್ವ ಮೊದಲು ಚಪಾತಿ ತಿಂದು ಮಾತ್ರೆಯನ್ನು ನೆಲದ ಮೇಲೆ ಅಚ್ಚುಕಟ್ಟಾಗಿ ಉಗುಳಿದಳು. ಅವ್ವ ಸೆರಗು ಸಿಕ್ಕಿಸಿಕೊಂಡು, “ಏ ಹುಚ್ಚಿ, ಎಲ್ಲಾರೂ ನೋಡಾಕತ್ತಾರ, ನನ್ನ ಮರ್ಯಾದಿ ಕಳೀಬ್ಯಾಡ” ಅಂತ ಬೈದು, ಅದನ್ನು ಬೆಲ್ಲದ ಉಂಡೆಯೊಳಗೆ ಮುಚ್ಚಿ ಮತ್ತೆ ಹಾಕಿದಳು. ಈ ಸಲ ಹೋಯಿತು. ಡಬ್ಬಿ ಹಿಡಿದು ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅವ್ವ ಒಳಗೆ ಬಂದು ಕೈ ತೊಳೆದುಕೊಂಡಳು. ಸೋಪು ಹಚ್ಚಿದಳೋ ಇಲ್ಲವೋ ಅಂತ ನಾನು ನೋಡಿಯೇ ನೋಡಿದೆ.

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ರಾವ್‌ಗಾರು ಮೀಟಿಂಗಿನ ತೀರ್ಮಾನವನ್ನು ಅಂಟಿಸಿದ್ದರು. ಗಿರ್ಮಿಟ್ ನನ್ನ ಪಕ್ಕದಲ್ಲಿ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಇನ್ನು ಅದು ಎಲ್ಲಿಗೂ ಹೋಗಬೇಕಾಗಿಲ್ಲ. ಹಾಳೆಯಲ್ಲಿ ಇದ್ದದ್ದು ಇಷ್ಟು: ಚಪ್ಪಲಿ ಇಲ್ಲದೆ ಹುಲ್ಲಿನ ಮೇಲೆ ಕಾಲಿಡಬಾರದು. ನಾಯಿ ಮಾಡಿದ್ದನ್ನು ಕೂಡಲೇ ಎತ್ತಬೇಕು. ಮೂರು ತಿಂಗಳಿಗೊಮ್ಮೆ ಮಾತ್ರೆ ಹಾಕಿಸಿ ಸೆಕ್ರೆಟರಿಗೆ ತಿಳಿಸಬೇಕು. ಮಕ್ಕಳು ಆಡಿ ಬಂದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಕಾಲು ತುರಿಸಿದರೆ ಅರಿಶಿನ ಮೆತ್ತದೆ ಡಾಕ್ಟರಿಗೆ ತೋರಿಸಬೇಕು.

ಮೂರನೇ ಫ್ಲೋರು ದಾಟುವಾಗ ನನಗೆ ಹೊಳೆಯಿತು: ನಾಯಿಗಳನ್ನು ಹೊರಗೆ ಹಾಕಲು ಕರೆದ ಮೀಟಿಂಗಿನ ತೀರ್ಮಾನದಲ್ಲಿ, ನಾಯಿ ತಿದ್ದಿಕೊಳ್ಳಬೇಕಾದ್ದು ಒಂದೂ ಇರಲಿಲ್ಲ, ಎಲ್ಲ ನಾವೇ ತಿದ್ದಿಕೊಳ್ಳಬೇಕಾದ್ದು.